ರೆಕ್ಸ್ ಬಿಗೋನಿಯಾ ಮೂರೇ ವಾರಕ್ಕೆ ಕೊಳೆಯದಿರಲು: ಮನೆಯೊಳಗೆ ಸಾಕುವ ಒಂಬತ್ತು ಹಂತಗಳು

ಬಣ್ಣದ ಎಲೆಗಾಗಿ ಸಾಕುವ ಗಿಡ ರೆಕ್ಸ್ ಬಿಗೋನಿಯಾ. ನರ್ಸರಿಯಿಂದ ತಂದಮೇಲೆ ಅದು ಸಾಮಾನ್ಯವಾಗಿ ಸಾಯುವುದು ಹೀಗೆ. ತಂದ ದಿನವೇ ದೊಡ್ಡ ಕುಂಡಕ್ಕೆ ಬದಲಾಯಿಸಿ, ಕೆಂಪುಮಣ್ಣು ಗೊಬ್ಬರ ತುಂಬಿ, ಚೆನ್ನಾಗಿ ನೀರುಣಿಸುತ್ತಾರೆ. ಮೊದಲ ವಾರ ಗಿಡ ನೆಟ್ಟಗೇ ಇರುತ್ತದೆ. ಎರಡನೇ ವಾರ ಒಂದೆರಡು ಎಲೆ ಜೋಲುತ್ತವೆ. ನೀರು ಸಾಲದೇನೋ ಅಂದುಕೊಂಡು ಇನ್ನೊಂದು ಚೊಂಬು ಸುರಿಯುತ್ತಾರೆ. ಮೂರನೇ ವಾರಕ್ಕೆ ಎಲೆಯ ತೊಟ್ಟುಗಳು ಬುಡದಲ್ಲಿ ಬೆಂದ ಸೊಪ್ಪಿನಂತೆ ಮೆತ್ತಗಾಗಿ, ಮುಟ್ಟಿದರೆ ಕೈಗೇ ಬರುತ್ತವೆ.

ಈ ಗಿಡಕ್ಕೆ ತೇವ ಬೇಕು ಅನ್ನುವುದು ನಿಜ. ಆದರೆ ಆ ತೇವ ಬೇಕಿರುವುದು ಎಲೆಯ ಸುತ್ತಲಿನ ಗಾಳಿಯಲ್ಲಿ. ಬೇರಿನ ಸುತ್ತ ಬೇಕಿರುವುದು ಗಾಳಿ. ಇದನ್ನು ಹಿಂದುಮುಂದು ಮಾಡಿ, ಒಣಗಾಳಿಯ ಕೋಣೆಯಲ್ಲಿಟ್ಟು ಬುಡಕ್ಕೆ ನೀರು ಸುರಿಯುವುದರಿಂದಲೇ ಮುಕ್ಕಾಲು ಗಿಡಗಳು ಹೋಗುತ್ತವೆ. ಕೆಳಗಿನ ಹಂತಗಳನ್ನು ಕ್ರಮ ತಪ್ಪಿಸದೆ ಮಾಡಿ. ಕುಂಡ ಬದಲಾಯಿಸುವುದು ನಾಲ್ಕನೇ ಹಂತದಲ್ಲಿ ಬರುತ್ತದೆ, ಮೊದಲನೆಯದರಲ್ಲಿ ಅಲ್ಲ.

## ಮೊದಲೇ ಕೈಯಲ್ಲಿರಬೇಕಾದ ಸಾಮಾನು

- ತಳದಲ್ಲಿ ತೂತಿರುವ ಅಗಲ, ಆಳ ಕಡಿಮೆಯ ಕುಂಡ
- ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಪರ್ಲೈಟ್ (ಕಾಯಿಸಿ ಉಬ್ಬಿಸಿದ ಕಲ್ಲಿನ ಹಗುರ ಬಿಳಿ ಕಾಳು), ಜರಡಿ ಹಿಡಿದ ಎರೆಗೊಬ್ಬರ, ಬಟಾಣಿ ಗಾತ್ರದ ಇದ್ದಿಲು ಚೂರು
- ಹೊಸ ಬ್ಲೇಡ್, ಸರ್ಜಿಕಲ್ ಸ್ಪಿರಿಟ್, ಹತ್ತಿ
- ಉರಿದು ಮುಗಿದ ಊದುಬತ್ತಿಯ ಬಿದಿರು ಕಡ್ಡಿ
- ಗಾಳಿಯ ತೇವಾಂಶ ತೋರಿಸುವ ಚಿಕ್ಕ ಮಾಪಕ
- ಮುಚ್ಚಳವಿರುವ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ, ಎಲೆ ಊರುವುದಕ್ಕೆ

ನೀರು ಚಿಮುಕಿಸುವ ಸ್ಪ್ರೇ ಬಾಟಲಿ ಈ ಪಟ್ಟಿಯಲ್ಲಿ ಬೇಕೆಂದೇ ಇಲ್ಲ. ಮಣ್ಣಿಗೆ ಚುಚ್ಚುವ ಅಗ್ಗದ ತೇವ ಮಾಪಕಕ್ಕೂ ದುಡ್ಡು ಹಾಕಬೇಡಿ. ಹಗುರವಾದ ಕೊಕೊಪೀಟ್ ಮಿಶ್ರಣದಲ್ಲಿ ಅದರ ಮುಳ್ಳು ಬಾಯಿಗೆ ಬಂದ ಸಂಖ್ಯೆ ತೋರಿಸುತ್ತದೆ. ಆ ಕೆಲಸಕ್ಕೆ ಊದುಬತ್ತಿ ಕಡ್ಡಿ ವಾಸಿ.

## ಹಂತ 1: ನರ್ಸರಿಯಲ್ಲಿ ಎಲೆ ನೋಡಬೇಡಿ, ಬುಡ ನೋಡಿ

ಬೆಳ್ಳಿ, ನೇರಳೆ, ಗುಲಾಬಿ ಬಣ್ಣದ ಎಲೆ ಕಣ್ಣು ಸೆಳೆಯುತ್ತದೆ. ಗಿಡ ಬದುಕುವುದು ಮಾತ್ರ ಅದರ ರೈಜೋಮ್ ಮೇಲೆ, ಅಂದರೆ ಮಣ್ಣಿನ ಮೇಲೆ ಅಡ್ಡಲಾಗಿ ಮಲಗಿರುವ, ಶುಂಠಿಯನ್ನು ಹೋಲುವ ದಪ್ಪ ಕಾಂಡದ ಮೇಲೆ. ಮುಂದೆ ಇದನ್ನು ಗೆಡ್ಡೆ ಅನ್ನೋಣ. ಎಲೆಗಳನ್ನು ಸರಿಸಿ ಗೆಡ್ಡೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ. ಹಸಿ ಶುಂಠಿಯಷ್ಟೇ ಗಟ್ಟಿಯಾಗಿದ್ದರೆ ಸರಿ. ಒತ್ತಿದಲ್ಲಿ ಕುಳಿ ಬಿದ್ದರೆ, ನೀರು ಒಸರಿದರೆ ಗಿಡವನ್ನು ಅಲ್ಲೇ ಬಿಡಿ. ಅರ್ಧ ಬೆಲೆಗೆ ಕೊಟ್ಟರೂ ಬೇಡ.

ಆಮೇಲೆ ಎಲೆಯನ್ನು ಮಗುಚಿ ನೋಡಿ. ನರಗಳ ಕವಲಿನಲ್ಲಿ ಹತ್ತಿಯಂಥ ಬಿಳಿ ಚುಕ್ಕೆ ಕಂಡರೆ ಹಿಟ್ಟು ತಿಗಣೆ. ಎಲೆಯ ಮೇಲ್ಮೈಯಲ್ಲಿ ಗೋಧಿಹಿಟ್ಟು ಚಿಮುಕಿಸಿದ ಹಾಗಿದ್ದರೆ ಬೂದಿ ರೋಗ. ದೊಡ್ಡ ಎಲೆ ಮೂರಿದ್ದು, ನಡುವೆ ಸುರುಳಿ ಬಿಚ್ಚುತ್ತಿರುವ ಪುಟ್ಟ ಎಲೆ ಎರಡು ಮೂರಿರುವ ಗಿಡವೇ ಒಳ್ಳೆಯದು. ಮೈತುಂಬ ದೊಡ್ಡ ಎಲೆಯಿದ್ದು ಹೊಸ ಚಿಗುರೇ ಇಲ್ಲದ ಗಿಡ ಮನೆಗೆ ಬಂದಮೇಲೆ ಎಲೆ ಉದುರಿಸಿ ಬೋಳಾಗುತ್ತದೆ.

ಒಂದು ಗೊಂದಲ ಇಲ್ಲೇ ಬಗೆಹರಿಯಲಿ. ಉದ್ದ ದೇವದೂತ ರೆಕ್ಕೆಯಂಥ ಎಲೆ, ಬಿದಿರಿನಂತೆ ಗಿಣ್ಣುಗಳಿರುವ ನೆಟ್ಟಗಿನ ಕಾಂಡ, ಬಿಳಿ ಚುಕ್ಕೆಗಳಿರುವ ಬಿಗೋನಿಯಾ ಬೇರೆ ಗುಂಪು. ಅದಕ್ಕೆ ಇನ್ನಷ್ಟು ಬೆಳಕು, ಆಗಾಗ ತುದಿ ಚಿವುಟುವುದು ಬೇಕು. ಈ ಬರಹ ಮಲಗಿದ ಗೆಡ್ಡೆಯಿರುವ ರೆಕ್ಸ್ ಜಾತಿಗೆ. ಎಲೆ ಬಸವನಹುಳದ ಚಿಪ್ಪಿನಂತೆ ಸುತ್ತಿಕೊಂಡಿರುವ ಎಸ್ಕಾರ್ಗೋ ಕೂಡ ಇದರಲ್ಲೇ ಬರುತ್ತದೆ.

ಊರಿನ ಹವೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ರೆಕ್ಸ್‌ಗೆ ಹಿತವಾದ ಉಷ್ಣತೆ 16ರಿಂದ 27 ಡಿಗ್ರಿ. ಬೆಂಗಳೂರು, ಮೈಸೂರು, ಮಡಿಕೇರಿ, ಚಿಕ್ಕಮಗಳೂರಿನಲ್ಲಿ ಇದು ವರ್ಷದ ಬಹುಪಾಲು ಮನೆಯೊಳಗೆ ಸಲೀಸಾಗಿ ಸಿಗುತ್ತದೆ. ಮಂಗಳೂರು, ಉಡುಪಿಯಲ್ಲಿ ತೇವಾಂಶಕ್ಕೆ ಕೊರತೆಯಿಲ್ಲ. ಸೆಕೆ ಮತ್ತು ನಿಂತ ಗಾಳಿಯದ್ದೇ ಅಲ್ಲಿ ಕಾಟ. ಏಪ್ರಿಲ್–ಮೇನಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರಿನಲ್ಲಿ ರೆಕ್ಸ್ ಬಿಟ್ಟು ದಪ್ಪ, ಮೇಣದಂಥ ದುಂಡೆಲೆಯ ಬೀಫ್‌ಸ್ಟೀಕ್ ಬಿಗೋನಿಯಾದಿಂದ ಶುರುಮಾಡುವುದು ಜಾಣತನ.

## ಹಂತ 2: ಮೊದಲ ಹತ್ತು ದಿನ ಸುಮ್ಮನಿರಿ

ನೆರಳುಬಲೆಯ ಕೆಳಗೆ ಸುತ್ತ ನೂರಾರು ಗಿಡಗಳ ಉಸಿರಿನ ತೇವದಲ್ಲಿ ಬೆಳೆದ ಗಿಡ ನಿಮ್ಮ ಹಾಲ್‌ನ ಒಣಗಾಳಿಗೆ ಬಂದಿದೆ. ಹೊಸ ಜಾಗಕ್ಕೆ ಹೊಂದಿಕೊಳ್ಳುವಾಗ ಒಂದೆರಡು ಹಳೆಯ ಎಲೆ ಹಳದಿಯಾಗಿ ಬೀಳುವುದು ಸಹಜ. ಈ ಹೊತ್ತಿನಲ್ಲಿ ಬೇರನ್ನೂ ಕೆದಕಿದರೆ ಗಿಡಕ್ಕೆ ಎರಡೂ ಕಡೆಯಿಂದ ಪೆಟ್ಟು.

ಹತ್ತು ದಿನ ಉಳಿದ ಗಿಡಗಳಿಂದ ದೂರವಿಡಿ, ಕೀಟವಿದ್ದರೆ ಅಷ್ಟರಲ್ಲಿ ಹೊರಬೀಳುತ್ತದೆ. ಗೊಬ್ಬರ ಬೇಡ, ಕುಂಡ ಬದಲಾಯಿಸುವುದು ಬೇಡ, ದಿನಕ್ಕೊಂದು ಜಾಗ ತೋರಿಸುವುದೂ ಬೇಡ. ಮೇಲಿನ ಮಣ್ಣು ಒಣಗಿದಾಗ ಮಾತ್ರ ನೀರು.

ಇದಕ್ಕೆ ಒಂದೇ ಅಪವಾದ ಉಂಟು. ಗಿಡ ಅಂಟು ಕೆಂಪುಮಣ್ಣಿನಲ್ಲಿದ್ದು, ಕುಂಡ ಕಲ್ಲಿನಷ್ಟು ಭಾರವಾಗಿ, ಬುಡದಿಂದ ಕೊಳೆತ ವಾಸನೆ ಬರುತ್ತಿದ್ದರೆ ಕಾಯಬೇಡಿ. ಅದೇ ದಿನ ನಾಲ್ಕನೇ ಹಂತಕ್ಕೆ ಹೋಗಿ.

## ಹಂತ 3: ಜಾಗ ಮತ್ತು ಬೆಳಕು

ಬೇಕಿರುವುದು ಹೇರಳ ಬೆಳಕು, ನೇರ ಬಿಸಿಲಲ್ಲ. ಅಳೆಯುವುದು ಸುಲಭ. ಮಧ್ಯಾಹ್ನ ಗಿಡದ ಜಾಗದಲ್ಲಿ ಬಿಳಿ ಹಾಳೆ ಇಟ್ಟು ಒಂದು ಅಡಿ ಮೇಲೆ ಅಂಗೈ ಹಿಡಿಯಿರಿ. ಹಾಳೆಯ ಮೇಲೆ ಬೆರಳುಗಳ ನೆರಳಿನ ಅಂಚು ಖಚಿತವಾಗಿ ಕಂಡರೆ ಬಿಸಿಲು ಜಾಸ್ತಿ. ಅಂಚು ಮಸುಕಾಗಿ, ಕೈ ಅನ್ನುವುದು ಗೊತ್ತಾಗುವಷ್ಟು ನೆರಳು ಬಿದ್ದರೆ ಸರಿಯಾದ ಜಾಗ. ನೆರಳೇ ಬೀಳದಿದ್ದರೆ ಕತ್ತಲೆ.

ಪೂರ್ವದ ಕಿಟಕಿ ಎಲ್ಲಕ್ಕಿಂತ ಒಳ್ಳೆಯದು. ಬೆಳಗಿನ ಎಳೆಬಿಸಿಲು ಒಂದು ತಾಸು ಬಿದ್ದರೂ ಎಲೆ ತಡೆದುಕೊಳ್ಳುತ್ತದೆ. ಪಶ್ಚಿಮವಾದರೆ ತೆಳು ಬಿಳಿ ಪರದೆ ಬೇಕೇ ಬೇಕು. ದಕ್ಷಿಣದ ಕಿಟಕಿಗೆ ಡಿಸೆಂಬರ್–ಜನವರಿಯಲ್ಲಿ ಬಿಸಿಲು ಓರೆಯಾಗಿ ಕೋಣೆಯ ಒಳತನಕ ಬರುತ್ತದೆ, ಆಗ ಗಿಡವನ್ನು ಹಿಂದಕ್ಕೆ ಸರಿಸಿ. ಉತ್ತರದ ಕಿಟಕಿ ಸುರಕ್ಷಿತ ಅನ್ನುವುದು ನಮ್ಮ ಕಡೆ ವರ್ಷಪೂರ್ತಿ ನಿಜವಲ್ಲ. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನ ಸೂರ್ಯ ಉತ್ತರಕ್ಕೇ ವಾಲಿರುತ್ತಾನೆ. ಎಂಟು ತಿಂಗಳು ಸುಮ್ಮನಿದ್ದ ಗಿಡ ಮೇ ತಿಂಗಳಲ್ಲಿ ಇದ್ದಕ್ಕಿದ್ದಂತೆ ಸುಟ್ಟುಕೊಂಡರೆ ಕಾರಣ ಇದೇ ಇರಬಹುದು.

ಬೆಳಕು ಹೆಚ್ಚಾದರೆ ಎಲೆಯ ಬಣ್ಣ ತೊಳೆದಂತೆ ಪೇಲವವಾಗಿ, ಬಿಸಿಲು ಬಿದ್ದ ಭಾಗ ಮಾತ್ರ ಕಾಗದದಂತೆ ಕಂದುತ್ತದೆ. ಕಡಿಮೆಯಾದರೆ ತೊಟ್ಟು ಉದ್ದುದ್ದ ಚಾಚಿ ಕಿಟಕಿ ಕಡೆ ಬಾಗುತ್ತದೆ, ಹೊಸ ಎಲೆ ಚಿಕ್ಕದಾಗಿ ಬಣ್ಣ ಮಂಕಾಗುತ್ತದೆ. ವಾರಕ್ಕೊಮ್ಮೆ ಕುಂಡವನ್ನು ಕಾಲು ಸುತ್ತು ತಿರುಗಿಸಿ. ಕಿಟಕಿಯೇ ಇಲ್ಲದ ಮೂಲೆಯಾದರೆ 20 ವಾಟ್‌ನ ಬಿಳಿ ಎಲ್‌ಇಡಿ ಟ್ಯೂಬ್ ಎಲೆಯಿಂದ ಒಂದಡಿ ಮೇಲೆ, ದಿನಕ್ಕೆ 12 ತಾಸು ಸಾಕು.

ಫ್ಯಾನಿನ ನೇರ ಕೆಳಗೆ, ಎಸಿಯ ಗಾಳಿ ಬೀಸುವ ಕಡೆ, ಫ್ರಿಜ್‌ನ ಬಿಸಿ ಹೊಡೆಯುವ ಪಕ್ಕದಲ್ಲಿ ಇಡಬೇಡಿ. ಬಿಗೋನಿಯಾದಲ್ಲಿ ಆಕ್ಸಲೇಟ್ ಅಂಶವಿದೆ, ಅದೂ ಗೆಡ್ಡೆಯಲ್ಲಿ ಜಾಸ್ತಿ. ತಿಂದರೆ ಬೆಕ್ಕು ನಾಯಿಗಳಿಗೆ ಬಾಯಿ ಉರಿ, ಜೊಲ್ಲು, ವಾಂತಿ ಬರುತ್ತದೆ. ಸಾಕುಪ್ರಾಣಿ ಇರುವ ಮನೆಯಲ್ಲಿ ಎಟುಕದ ಎತ್ತರದಲ್ಲಿಡಿ.

## ಹಂತ 4: ಮಿಶ್ರಣ, ಕುಂಡ, ನೆಡುವುದು

ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಕೊಡಬೇಕಾದ್ದು ಇಲ್ಲಿ. ಮಿಶ್ರಣ ಸರಿಯಿದ್ದರೆ ನೀರು ಹಾಕುವಾಗ ಮಾಡುವ ಸಣ್ಣಪುಟ್ಟ ತಪ್ಪನ್ನು ಅದೇ ನುಂಗಿಕೊಳ್ಳುತ್ತದೆ.

ಕೊಕೊಪೀಟ್ ತೊಳೆಯುವುದು. 650 ಗ್ರಾಂನ ಇಟ್ಟಿಗೆಯನ್ನು ಬಕೆಟ್ಟಿನಲ್ಲಿ ನೆನೆಸಿದರೆ ಎಂಟು ಲೀಟರಿನಷ್ಟು ಉಬ್ಬುತ್ತದೆ. ಅಷ್ಟಕ್ಕೇ ಬಳಸಬೇಡಿ. ತೆಂಗಿನ ನಾರಿನಲ್ಲಿ ಉಪ್ಪಿನಂಶ ಇರುತ್ತದೆ, ತೊಳೆಯದೆ ಹಾಕಿದರೆ ಎಲೆಯಂಚು ಕಂದುವುದು ತಪ್ಪುವುದಿಲ್ಲ. ಹಳೆಯ ಪಂಚೆಯಲ್ಲಿ ಕಟ್ಟಿ, ನೀರಲ್ಲಿ ಅದ್ದಿ ಹಿಂಡಿ. ಮೊದಲ ನೀರು ಕಡು ಚಹಾ ಬಣ್ಣಕ್ಕಿರುತ್ತದೆ. ಮೂರ್ನಾಲ್ಕು ಸಲ ಹಿಂಡಿ ನೀರು ತಿಳಿಯಾದ ಮೇಲೆ ನೆರಳಲ್ಲಿ ಆರಲು ಬಿಡಿ.

ಅಳತೆ. ಒಂದೇ ಬಟ್ಟಲಿನಲ್ಲಿ ಅಳೆದು: ಕೊಕೊಪೀಟ್ 4, ಪರ್ಲೈಟ್ 3, ಎರೆಗೊಬ್ಬರ 1, ಇದ್ದಿಲು ಚೂರು 1. ಪರ್ಲೈಟ್ ಸಿಗದಿದ್ದರೆ ಸುಟ್ಟು ಕಪ್ಪಾದ ಭತ್ತದ ಹೊಟ್ಟು 2 ಮತ್ತು ಜೋಳದ ಕಾಳಿನಷ್ಟು ದಪ್ಪದ ಇಟ್ಟಿಗೆ ಚೂರು 1 ಹಾಕಬಹುದು. ಪರ್ಲೈಟ್ ಸುರಿಯುವ ಮುನ್ನ ನೀರು ಚಿಮುಕಿಸಿ, ಅದರ ಧೂಳು ಶ್ವಾಸಕ್ಕೆ ಒಳ್ಳೆಯದಲ್ಲ. ಮಣ್ಣು ಸೇರಿಸಲೇಬೇಡಿ. ‘ಒಂದು ಹಿಡಿಯಾದರೂ ಮಣ್ಣು ಬೇಡವೇ’ ಅಂತ ಕೇಳುವವರಿದ್ದಾರೆ, ಬೇಡ. ಆ ಒಂದು ಹಿಡಿ ಜೇಡಿಯೇ ಪರ್ಲೈಟ್ ಮಾಡಿಟ್ಟ ಸಂದುಗಳನ್ನೆಲ್ಲ ಮುಚ್ಚುತ್ತದೆ.

ಪರೀಕ್ಷೆ: ಒದ್ದೆ ಮಿಶ್ರಣವನ್ನು ಮುಷ್ಟಿಯಲ್ಲಿ ಹಿಂಡಿ ಕೈ ಬಿಚ್ಚಿ. ಉಂಡೆಯಾಗಿ ನಿಂತು, ಬೆರಳು ತಾಗಿಸಿದಾಗ ಉದುರಬೇಕು. ರಾಗಿಮುದ್ದೆಯಂತೆ ಗಟ್ಟಿ ನಿಂತರೆ ಪರ್ಲೈಟ್ ಇನ್ನಷ್ಟು ಬೇಕು.

ಕುಂಡ. ಈ ಗಿಡದ ಬೇರು ಕೆಳಗಿಳಿಯುವುದಕ್ಕಿಂತ ಅಗಲಕ್ಕೆ ಹರಡುವುದು ಜಾಸ್ತಿ. ಹಾಗಾಗಿ ಆಳದ ಕುಂಡದ ಕೆಳಗಿನರ್ಧ ಬೇರಿಲ್ಲದೆ ಒದ್ದೆಯಾಗೇ ಉಳಿದು ಕೊಳೆಯಲು ತೊಡಗುತ್ತದೆ. ಈಗಿನ ಬೇರಿನ ಉಂಡೆಗಿಂತ 2–3 ಸೆಂಟಿಮೀಟರ್ ಹೆಚ್ಚು ಅಗಲ, ಒಟ್ಟು 8–10 ಸೆಂಟಿಮೀಟರ್ ಆಳದ ಕುಂಡ ಸಾಕು. ಕರಾವಳಿಯಲ್ಲಿ, ಮಲೆನಾಡಿನ ಮಳೆಗಾಲಕ್ಕೆ ಮಣ್ಣಿನ ಕುಂಡ. ಬಯಲುಸೀಮೆಯ ಒಣಹವೆಗೆ ಪ್ಲಾಸ್ಟಿಕ್. ತಳಕ್ಕೆ ಜಲ್ಲಿ ಹಾಸುವ ರೂಢಿ ಬಿಡಿ. ಜಲ್ಲಿಯಿಂದ ನೀರು ಬೇಗ ಇಳಿಯುವುದಿಲ್ಲ, ಒದ್ದೆ ಪದರ ಬೇರಿಗೆ ಇನ್ನಷ್ಟು ಹತ್ತಿರವಾಗುತ್ತದೆ ಅಷ್ಟೆ.

ನೆಡುವ ಕ್ರಮ.

1. ಹಿಂದಿನ ದಿನ ನೀರು ಹಾಕಿಡಿ. ಒಣಗಿದ ಬೇರು ಮುರಿಯುವುದು ಬೇಗ.
2. ಕುಂಡ ಮಗುಚಿ, ಬುಡವನ್ನು ಅಂಗೈಯಲ್ಲಿ ಆತುಕೊಂಡು ಗಿಡ ಬಿಡಿಸಿ. ತೊಟ್ಟು ಹಿಡಿದು ಎಳೆಯಬೇಡಿ.
3. ಬೇರಿನ ನಡುವೆ ಬಲೆಯಂಥ ಚಿಕ್ಕ ಬಟ್ಟಲು ಸಿಕ್ಕರೆ ಕತ್ತರಿಸಿ ತೆಗೆಯಿರಿ. ಸಸಿ ಮಾಡುವಾಗ ಹಾಕಿದ್ದು ಅದು. ಒಳಗೇ ಬಿಟ್ಟರೆ ನಡುವಿನ ಭಾಗ ಸದಾ ಒದ್ದೆಯಾಗಿರುತ್ತದೆ.
4. ಕಂದು, ಲೋಳೆ ಬೇರನ್ನು ಕತ್ತರಿಸಿ. ಬಿಳಿ ಅಥವಾ ತಿಳಿಗಂದು ಗಟ್ಟಿ ಬೇರನ್ನು ಮುಟ್ಟಬೇಡಿ.
5. ಗೆಡ್ಡೆ ಮಿಶ್ರಣದ ಮೇಲೆ ಕೂತಿರಬೇಕು. ಅರ್ಧ ಕಂಡರೂ ಸರಿ, ಪೂರ್ತಿ ಹೂತರೆ ಕೊಳೆಯುತ್ತದೆ. ಅದರ ಬೆಳೆಯುವ ತುದಿ ಕುಂಡದ ಖಾಲಿ ಕಡೆಗೆ ಮುಖಮಾಡಲಿ.
6. ಬೆರಳಿಂದ ಅದುಮಬೇಡಿ. ಕುಂಡವನ್ನು ಮೇಜಿನ ಮೇಲೆ ಎರಡು ಸಲ ತಟ್ಟಿ, ಅಷ್ಟು ಸಾಕು.
7. ಒಮ್ಮೆ ನೀರು ಹಾಕಿ, ಬಸಿಯಲು ಬಿಟ್ಟು, ಒಂದು ವಾರ ಬೆಳಕು ಕಡಿಮೆಯಿರುವಲ್ಲಿ ಇಡಿ.

ವರ್ಷಕ್ಕೊಮ್ಮೆ ಮಿಶ್ರಣ ಬದಲಿಸಿದರೆ ಸಾಕು. ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ, ಇಲ್ಲವೇ ಫೆಬ್ರವರಿಯಲ್ಲಿ ಮಾಡಿ.

## ಹಂತ 5: ನೀರು

‘ವಾರಕ್ಕೆ ಎಷ್ಟು ಸಲ’ ಅನ್ನುವ ಪ್ರಶ್ನೆಗೆ ಉತ್ತರವಿಲ್ಲ. ಅದೇ ಕುಂಡ ಮಾರ್ಚ್‌ನಲ್ಲಿ ಮೂರು ದಿನಕ್ಕೆ ಒಣಗುತ್ತದೆ, ಜುಲೈನಲ್ಲಿ ಹತ್ತು ದಿನವಾದರೂ ಒಣಗದೆ ಇರುತ್ತದೆ. ಕ್ಯಾಲೆಂಡರ್ ನೋಡಬೇಡಿ, ಕುಂಡ ನೋಡಿ.

ಊದುಬತ್ತಿ ಕಡ್ಡಿಯನ್ನು ಗೆಡ್ಡೆಗೆ ತಾಗದಂತೆ ಅಂಚಿನಲ್ಲಿ ತಳದವರೆಗೆ ಚುಚ್ಚಿ, ಐದು ನಿಮಿಷ ಬಿಟ್ಟು ಎಳೆಯಿರಿ. ಮೇಲಿನ 2–3 ಸೆಂಟಿಮೀಟರ್ ಒಣಗಿ, ಕೆಳಭಾಗಕ್ಕೆ ತುಸು ತಂಪು ಮೆತ್ತಿದ್ದರೆ ನೀರು ಹಾಕುವ ಹೊತ್ತು. ಕಡ್ಡಿಯುದ್ದಕ್ಕೂ ಮಿಶ್ರಣ ಅಂಟಿ ಬಂದರೆ ಎರಡು ದಿನ ಬಿಟ್ಟು ನೋಡಿ. ಇನ್ನೂ ಖಚಿತ ಬೇಕೆಂದರೆ ಅಡುಗೆಮನೆಯ ತಕ್ಕಡಿ ತೆಗೆಯಿರಿ. ನೀರು ಹಾಕಿ ಬಸಿದ ಮೇಲಿನ ತೂಕ ಒಮ್ಮೆ, ಕಡ್ಡಿ ‘ಈಗ ಹಾಕು’ ಅಂದಾಗಿನ ತೂಕ ಒಮ್ಮೆ ಬರೆದಿಡಿ. ಐದಿಂಚಿನ ಪ್ಲಾಸ್ಟಿಕ್ ಕುಂಡ ನೀರು ಕುಡಿದಾಗ 600 ಗ್ರಾಂ, ಒಣಗಿದಾಗ 430 ಗ್ರಾಂ ಅಂದುಕೊಳ್ಳಿ. ಆಮೇಲೆ ತಕ್ಕಡಿಯೂ ಬೇಡ, ಎತ್ತಿದ ಕೈಗೇ ಗೊತ್ತಾಗುತ್ತದೆ.

ಹಾಕುವಾಗ ಕುಂಡದ ಅಂಚಿನ ಸುತ್ತ ನಿಧಾನ ಸುರಿದು, ತಳದಿಂದ ಹರಿದಮೇಲೆ ನಿಲ್ಲಿಸಿ. ಇಲ್ಲವೇ ಕುಂಡವನ್ನು ಎರಡಿಂಚು ನೀರಿರುವ ಬೋಗುಣಿಯಲ್ಲಿ 20 ನಿಮಿಷ ಕೂರಿಸಿ. ಎರಡರಲ್ಲೂ ಕೊನೆಗೆ ತಟ್ಟೆಯಲ್ಲಿ ನೀರು ಉಳಿಯಕೂಡದು. ದಿನಾ ಅರ್ಧ ಲೋಟ ಹಾಕುವುದು ಕೆಟ್ಟ ಅಭ್ಯಾಸ: ಮೇಲ್ಭಾಗ ಸದಾ ಒದ್ದೆ, ತಳದ ಬೇರು ಒಣಗಿದ ಹಾಗೇ.

ಇನ್ನು ಜೋಲುವ ಎಲೆ. ಬಾಯಾರಿದ ಗಿಡವೂ ಜೋಲುತ್ತದೆ, ಬೇರು ಕೊಳೆತ ಗಿಡವೂ ಜೋಲುತ್ತದೆ. ದೂರದಿಂದ ನೋಡಿದರೆ ಎರಡೂ ಒಂದೇ. ಹೀಗಾಗಿ ಜೋಲಿದ ಗಿಡಕ್ಕೆ ನೀರು ಹಾಕುವ ಮೊದಲು ಕುಂಡ ಎತ್ತುವುದು ಕಡ್ಡಾಯ. ಹಗುರವಾಗಿದ್ದು, ಎಲೆ ತೆಳ್ಳಗೆ ಸುಕ್ಕಾಗಿದ್ದರೆ ನೀರು ಹಾಕಿ. ಸಂಜೆಯೊಳಗೆ ತಲೆ ಎತ್ತುತ್ತದೆ. ಭಾರವಾಗಿದ್ದು, ತೊಟ್ಟಿನ ಬುಡ ಗಾಜಿನಂತೆ ಪಾರದರ್ಶಕವಾಗಿದ್ದರೆ ಒಂದು ಹನಿಯೂ ಬೇಡ. ಎಂಟನೇ ಹಂತದ ಕೊಳೆ ಚಿಕಿತ್ಸೆಗೆ ಹೋಗಿ.

ಬೋರ್‌ವೆಲ್ ನೀರು ಗಡುಸಾಗಿದ್ದರೆ ಮಿಶ್ರಣದ ಮೇಲೆ, ಕುಂಡದ ಅಂಚಿಗೆ ಬಿಳಿ ಪೊರೆ ಕಟ್ಟುತ್ತದೆ, ಎಲೆಯಂಚು ಕಂದುತ್ತದೆ. ಮಳೆನೀರು, ಎಸಿಯಿಂದ ತೊಟ್ಟಿಕ್ಕುವ ನೀರು, ಆರ್‌ಒ ಫಿಲ್ಟರ್‌ನ ಕುಡಿಯುವ ನೀರು ನಡೆಯುತ್ತದೆ. ಆರ್‌ಒ ಹೊರಹಾಕುವ ನೀರನ್ನು ಉಳಿಸಿ ಗಿಡಕ್ಕೆ ಹಾಕುವವರು ಬಹಳ ಮಂದಿ. ನೀರು ಪೋಲಾಗದಿರಲಿ ಅನ್ನುವ ಉದ್ದೇಶ ಒಳ್ಳೆಯದೇ, ಆದರೆ ಲವಣವೆಲ್ಲ ಕೂಡಿಕೊಂಡಿರುವುದು ಆ ನೀರಿನಲ್ಲೇ. ಅದು ನೆಲ ಒರೆಸಲಿಕ್ಕಿರಲಿ.

## ಹಂತ 6: ಗಾಳಿಯಲ್ಲಿ ತೇವ

ಮಾಪಕ 50ರಿಂದ 65 ಶೇಕಡಾ ತೋರಿಸಿದರೆ ನೆಮ್ಮದಿ. ಬಯಲುಸೀಮೆಯ ಮನೆಗಳಲ್ಲಿ ಮಾರ್ಚ್ ಮಧ್ಯಾಹ್ನ ಇದು 30ಕ್ಕಿಂತ ಕೆಳಗೆ ಬೀಳುವುದುಂಟು. ಆಗ ಎಲೆಯ ಅಂಚು ಮಾತ್ರ ಗರಿಗರಿಯಾಗಿ ಕಂದುತ್ತದೆ, ಒಳಭಾಗ ಚೆನ್ನಾಗೇ ಇರುತ್ತದೆ. ಹೊಸ ಎಲೆ ಸುರುಳಿ ಬಿಚ್ಚುವಾಗಲೇ ಹರಿದಿರುತ್ತದೆ.

ಎಲೆಗೆ ನೀರು ಚಿಮುಕಿಸಿದರೆ ಹತ್ತು ನಿಮಿಷದಲ್ಲಿ ಗಾಳಿ ಮತ್ತೆ ಮೊದಲಿನಷ್ಟೇ ಒಣ. ಎಲೆಯ ರೋಮಗಳ ನಡುವೆ ನಿಂತ ಹನಿ ಮಾತ್ರ ರಾತ್ರಿಯಿಡೀ ಉಳಿದು ಕಲೆಗೆ, ಕೊಳೆಗೆ ದಾರಿಮಾಡುತ್ತದೆ. ಬೆಣಚುಕಲ್ಲು ನೀರಿನ ತಟ್ಟೆಯ ಮೇಲೆ ಕುಂಡ ಇಡುವುದರಿಂದ ಅಲ್ಪ ಸ್ವಲ್ಪ ಲಾಭವಿದೆ. ಅದರ ಬಗ್ಗೆ ಹೇಳುವಷ್ಟಿಲ್ಲ. ನಿಜವಾಗಿ ಕೆಲಸ ಮಾಡುವುದು ಎರಡು. ಒಂದು, ಐದಾರು ಗಿಡಗಳನ್ನು ಎಲೆ ತಾಗದಷ್ಟು ಹತ್ತಿರ ಗುಂಪಾಗಿ ಇಡುವುದು. ಇನ್ನೊಂದು, ಗಾಜಿನ ಕಪಾಟು ಅಥವಾ ಮೀನು ಇಲ್ಲದ ಹಳೆಯ ಅಕ್ವೇರಿಯಂ. ಮೇಲೆ ಗಾಜು ಮುಚ್ಚಿ ಮೂರು ಬೆರಳಿನಷ್ಟು ಸಂದು ಬಿಡಿ. ಪೂರ್ತಿ ಮುಚ್ಚಿದರೆ ಬೂದಿ ರೋಗವನ್ನು ಕರೆದಂತೆ.

ಜೂನ್ ಬಂದಮೇಲೆ ಎಲ್ಲ ಉಲ್ಟಾ. ಗುಂಪು ಬಿಡಿಸಿ, ಮುಚ್ಚಳ ತೆಗೆದು, ಗಾಳಿಯಾಡಲು ಬಿಡಿ. ಕರಾವಳಿಯಲ್ಲಿ ಕೋಣೆಯ ಇನ್ನೊಂದು ತುದಿಗೆ ಪುಟ್ಟ ಟೇಬಲ್ ಫ್ಯಾನ್ ಕಡಿಮೆ ವೇಗದಲ್ಲಿ ತಿರುಗುತ್ತಿರಲಿ. ಎಲೆ ಅಲುಗಬೇಕಿಲ್ಲ, ಗಾಳಿ ಅಲುಗಿದರೆ ಸಾಕು.

## ಹಂತ 7: ಗೊಬ್ಬರ

ಹೊಸ ಎಲೆ ಬರುತ್ತಿರುವಾಗ ಮಾತ್ರ. ನೀರಲ್ಲಿ ಕರಗುವ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮವಾಗಿರುವ ಗೊಬ್ಬರ), ಲೀಟರಿಗೆ ಅರ್ಧ ಗ್ರಾಂ, 15 ದಿನಕ್ಕೊಮ್ಮೆ, ಒದ್ದೆಯಿರುವ ಮಿಶ್ರಣಕ್ಕೆ. ಕಾಲು ಟೀ ಚಮಚವನ್ನು ಎರಡು ಲೀಟರಿಗೆ ಕಲಸಿದರೆ ಹೆಚ್ಚುಕಡಿಮೆ ಇದೇ ಅಳತೆ. ಎರಡು ತಿಂಗಳಿಗೊಮ್ಮೆ ಬರಿ ನೀರನ್ನು ಕುಂಡದ ಗಾತ್ರದ ಮೂರರಷ್ಟು ಹರಿಸಿ ಉಪ್ಪು ತೊಳೆಯಿರಿ.

ಅಕ್ಕಿ ತೊಳೆದ ನೀರು, ಚಹಾ ಚರಟ, ನೆನೆಸಿದ ಹಿಂಡಿ, ಬಾಳೆಸಿಪ್ಪೆ ನೀರು ಅಂಗಳದ ಗಿಡಕ್ಕೆ ಸರಿ. ಮನೆಯೊಳಗಿನ ಪುಟ್ಟ ಕುಂಡದಲ್ಲಿ ಅದು ಹುಳಿತು ನೊಣದಂಥ ಕರಿ ಸೊಳ್ಳೆಗಳಿಗೆ ಹಬ್ಬ.

ಹೂವಿನ ಮೊಗ್ಗು ಬಂದರೆ ಚಿವುಟಿ. ಹೂ ಅಷ್ಟೇನೂ ಚೆನ್ನಾಗಿಲ್ಲ, ಉದುರಿದ ದಳ ಎಲೆಯ ಮೇಲೆ ಕೊಳೆತು ಬೂಸಲು ತರುತ್ತದೆ.

## ಹಂತ 8: ರೋಗ ಕಂಡಾಗ ಮಾಡಬೇಕಾದ್ದು

ಬೂದಿ ರೋಗ. ರೆಕ್ಸ್‌ನ ಮೊದಲ ಶತ್ರು. ಬೆಳ್ಳಿಬಣ್ಣದ ಎಲೆಯಲ್ಲಿ ಶುರುವಿನಲ್ಲಿ ಗೊತ್ತೇ ಆಗುವುದಿಲ್ಲ. ಟಾರ್ಚನ್ನು ಎಲೆಗೆ ಓರೆಯಾಗಿ ಹಿಡಿದು ನೋಡಿ: ಎಲೆಯ ಸ್ವಂತ ಬೆಳ್ಳಿ ಹೊಳೆಯುತ್ತದೆ, ರೋಗದ ಬಿಳಿ ಹೊಳೆಯುವುದಿಲ್ಲ, ಬೆರಳಿಗೆ ಅಂಟುತ್ತದೆ. ಹಗಲು ಬೆಚ್ಚಗೆ, ರಾತ್ರಿ ತಂಪು, ಗಾಳಿ ನಿಂತದ್ದು, ಅಂದರೆ ನಮ್ಮ ಅಕ್ಟೋಬರ್‌ನಿಂದ ಜನವರಿ, ಇದಕ್ಕೆ ಹೇಳಿಮಾಡಿಸಿದ ಕಾಲ. ಎಲೆ ಒದ್ದೆಯಾಗಲೇಬೇಕೆಂದಿಲ್ಲ.

ಹತ್ತಿದ ಎಲೆ ಕತ್ತರಿಸಿ ಚೀಲದಲ್ಲಿ ಕಟ್ಟಿ ಬಿಸಾಡಿ. ಉಳಿದ ಎಲೆಗೆ ನೀರಲ್ಲಿ ಕರಗುವ ಗಂಧಕದ ಪುಡಿ ಲೀಟರಿಗೆ 2 ಗ್ರಾಂ. ಮೊದಲು ಒಂದೇ ಎಲೆಗೆ ಹಾಕಿ ಎರಡು ದಿನ ನೋಡಿ. ಬಾಲ್ಕನಿಯಲ್ಲಿ, ಸಂಜೆ, ಕೈಗವಸು ಮತ್ತು ಮಾಸ್ಕ್ ಹಾಕಿಕೊಂಡು ಸಿಂಪಡಿಸಿ. ಉಷ್ಣತೆ 30 ದಾಟಿದ ದಿನ ಬೇಡ. ಬೇವಿನ ಎಣ್ಣೆ ಹಾಕಿ ಎರಡು ವಾರ ಕಳೆಯದೆ ಗಂಧಕ ಹಾಕಬೇಡಿ, ಎರಡೂ ಸೇರಿದರೆ ಎಲೆ ಸುಡುತ್ತದೆ.

ಬೇರು ಮತ್ತು ಗೆಡ್ಡೆ ಕೊಳೆ. ಗಿಡ ಕಿತ್ತು ಬೇರು ತೊಳೆಯಿರಿ. ಸ್ಪಿರಿಟ್‌ನಲ್ಲಿ ಒರೆಸಿದ ಬ್ಲೇಡಿನಿಂದ ಗೆಡ್ಡೆಯನ್ನು ಮೆತ್ತಗಿನ ತುದಿಯಿಂದ ತೆಳುವಾಗಿ ಹೆಚ್ಚುತ್ತ ಬನ್ನಿ. ಕತ್ತರಿಸಿದ ಮುಖದಲ್ಲಿ ಕಂದು ಉಂಗುರವಿದ್ದರೆ ಇನ್ನೂ ಹೆಚ್ಚಿ. ಪೂರ್ತಿ ತಿಳಿಹಸಿರು ಬಿಳಿ ಕಂಡಲ್ಲಿ ನಿಲ್ಲಿಸಿ. ಪ್ರತಿ ಕೊಯ್ತಕ್ಕೂ ಬ್ಲೇಡ್ ಒರೆಸಬೇಕು, ಇಲ್ಲವಾದರೆ ಕೊಳೆಯನ್ನು ನೀವೇ ಮುಂದಕ್ಕೆ ದಾಟಿಸಿದಂತೆ. ದೊಡ್ಡ ಎಲೆಗಳನ್ನೆಲ್ಲ ತೆಗೆದು, ಒಂದೆರಡು ಚಿಕ್ಕವನ್ನು ಬಿಡಿ. ಮೂರು ತಾಸು ನೆರಳಲ್ಲಿ ಗಾಯ ಒಣಗಿಸಿ, ತುಸು ಒದ್ದೆಯ ಪರ್ಲೈಟ್ ಮೇಲೆ ಮಲಗಿಸಿ ಡಬ್ಬಿಯಲ್ಲಿ ಮುಚ್ಚಿ. ಹೆಬ್ಬೆರಳಿನಷ್ಟು ಗಟ್ಟಿ ತುಂಡು ಉಳಿದರೂ ಗಿಡ ಮರಳುತ್ತದೆ. ಹೊರಗೆಸೆಯುವ ಎಲೆಗಳು ಗಟ್ಟಿಯಿದ್ದರೆ ಒಂಬತ್ತನೇ ಹಂತಕ್ಕೆ ಬಳಸಿ.

ಹಿಟ್ಟು ತಿಗಣೆ. ಹತ್ತಿಕಡ್ಡಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಹುಳಕ್ಕೆ ಮಾತ್ರ ತಾಗಿಸಿ, ಎಲೆಗೆ ಬಳಿಯಬೇಡಿ. ಐದು ದಿನಕ್ಕೊಮ್ಮೆ, ಕಡಿಮೆಯೆಂದರೆ ನಾಲ್ಕು ಸಲ. ಒಮ್ಮೆಗೇ ಬಿಟ್ಟರೆ ಮೊಟ್ಟೆಯಿಂದ ಮತ್ತೆ ಶುರು.

ಕರಿ ಸೊಳ್ಳೆ. ಹಳದಿ ಅಂಟು ಕಾರ್ಡ್ ನಿಲ್ಲಿಸಿ, ಮೇಲ್ಪದರ ಒಣಗಲು ಬಿಡಿ. ಸೊಳ್ಳೆ ಬಂದಿದೆಯೆಂದರೆ ನೀರು ಜಾಸ್ತಿಯಾಗಿದೆ ಅಂತಲೇ ಅರ್ಥ.

ಎಲೆಯಲ್ಲಿ ನೀರು ತುಂಬಿದಂಥ ಪಾರದರ್ಶಕ ಕಲೆ, ಸುತ್ತ ಹಳದಿ ಬಳೆ ಕಂಡು, ಪಕ್ಕದ ಎಲೆಗೂ ಹರಡುತ್ತಿದ್ದರೆ ಅದು ಬ್ಯಾಕ್ಟೀರಿಯಾ ಕಲೆ ರೋಗ. ಮನೆಮದ್ದಿಲ್ಲ. ಆ ಗಿಡ, ಅದರ ಮಿಶ್ರಣ ಎರಡನ್ನೂ ಬಿಸಾಡಿ. ಅದರ ಎಲೆಯಿಂದ ಮರಿ ಮಾಡಬೇಡಿ.

ಗಿಡದ ಎಲೆಯೆಲ್ಲ ಬಿದ್ದು ಬರಿ ಗೆಡ್ಡೆ ಉಳಿದರೆ? ಡಿಸೆಂಬರ್–ಜನವರಿಯ ಚಳಿಯಲ್ಲಿ, ಅದರಲ್ಲೂ ರಾತ್ರಿ 13 ಡಿಗ್ರಿಗಿಂತ ಕೆಳಗಿಳಿಯುವಲ್ಲಿ, ರೆಕ್ಸ್ ಹೀಗೆ ಮಲಗುವುದುಂಟು. ಗೆಡ್ಡೆ ಗಟ್ಟಿಯಿದ್ದರೆ ಸತ್ತಿಲ್ಲ. ಗೊಬ್ಬರ ನಿಲ್ಲಿಸಿ, ಮಿಶ್ರಣ ಪೂರ್ತಿ ಒಣಗದಷ್ಟು ಎರಡು ವಾರಕ್ಕೊಮ್ಮೆ ತುಸು ನೀರು ಕೊಟ್ಟು, ಫೆಬ್ರವರಿ ಕೊನೆವರೆಗೆ ಕಾಯಿರಿ.

## ಹಂತ 9: ಎಲೆಯಿಂದ ಮರಿ ಮಾಡುವುದು

ಗಿಡ ಚೆನ್ನಾಗಿರುವಾಗಲೇ ಒಂದೆರಡು ಮರಿ ಮಾಡಿಟ್ಟುಕೊಳ್ಳಿ. ಕಾಯಿಲೆ ಬಿದ್ದಮೇಲೆ ಎಲೆಗೂ ಶಕ್ತಿ ಇರುವುದಿಲ್ಲ. ಬೇರು ಬರಿಸುವ ಪುಡಿ ಬೇಕಿಲ್ಲ.

1. ಪೂರ್ತಿ ಬಲಿತ, ಮುದಿಯಾಗದ ಎಲೆ ಆರಿಸಿ. ಹೊರಸುತ್ತಿನದು ಬೇಡ, ನಡುವಿನ ಎಳೆಯದೂ ಬೇಡ. ಸುತ್ತಿನಿಂದ ಎರಡನೆಯದೋ ಮೂರನೆಯದೋ ಸರಿ.
2. ಎಲೆಯನ್ನು ಮಗುಚಿ ಹಾಸಿ. ತೊಟ್ಟು ಸೇರುವ ಜಾಗದಿಂದ ದಪ್ಪ ನರಗಳು ಕೈಬೆರಳುಗಳಂತೆ ಹರಡಿರುತ್ತವೆ. ಆ ಕೇಂದ್ರದಿಂದ ಅಂಚಿಗೆ, ಒಂದೊಂದು ತ್ರಿಕೋನದ ನಡುವೆ ಒಂದು ದಪ್ಪ ನರ ಬರುವಂತೆ, ಹೋಳಿಗೆ ಪಾಲು ಮಾಡುವ ಹಾಗೆ ಕತ್ತರಿಸಿ. ಒಳ್ಳೆಯ ಎಲೆಯಿಂದ ನಾಲ್ಕೈದು ತುಂಡು ಸಿಗುತ್ತವೆ. ಅಗಲವಾದ ಹೊರ ಅಂಚನ್ನು ಒಂದಿಂಚು ಕತ್ತರಿಸಿ ತೆಗೆಯಿರಿ.
3. ಕೊಕೊಪೀಟ್ ಮತ್ತು ಪರ್ಲೈಟ್ ಸಮಸಮ ಕಲಸಿ, ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡೇ ಹನಿ ಬೀಳುವಷ್ಟು ಒದ್ದೆಮಾಡಿ. ಇಲ್ಲಿ ನೀರು ಹೆಚ್ಚಾಗಿಯೇ ಹತ್ತರಲ್ಲಿ ಎಂಟು ತುಂಡು ಕೊಳೆಯುವುದು.
4. ಡಬ್ಬಿಗೆ ಎರಡಿಂಚು ಮಿಶ್ರಣ ಹಾಕಿ, ತುಂಡಿನ ಚೂಪು ತುದಿ ಕೆಳಗಾಗಿ ಮೂರನೇ ಒಂದು ಭಾಗ ಊರಿ. ಬುಡಮೇಲಾದರೆ ಬೇರು ಬರುವುದಿಲ್ಲ. ತುಂಡುಗಳು ಒಂದಕ್ಕೊಂದು ತಾಗಬಾರದು.
5. ಮುಚ್ಚಳ ಹಾಕಿ ಬೆಳಕಿರುವ, ಬಿಸಿಲಿಲ್ಲದ ಜಾಗದಲ್ಲಿಡಿ. 22–26 ಡಿಗ್ರಿ ಒಳ್ಳೆಯದು. ಏಪ್ರಿಲ್–ಮೇ ಬೇಡ.
6. ಮುಚ್ಚಳಕ್ಕೆ ತೆಳು ಮಂಜು ಕಟ್ಟಿದರೆ ಸರಿ. ಹನಿಗಳಾಗಿ ತೊಟ್ಟಿಕ್ಕಿದರೆ ಅರ್ಧ ದಿನ ತೆರೆದಿಡಿ. ಮೂರು ದಿನಕ್ಕೊಮ್ಮೆ ಐದು ನಿಮಿಷ ಗಾಳಿ ಆಡಲಿ. ಕರಗಿದ ತುಂಡನ್ನು ಕಂಡ ಕೂಡಲೇ ತೆಗೆಯಿರಿ.

ಮೂರ್ನಾಲ್ಕು ವಾರಕ್ಕೆ ಬೇರು ಬರುತ್ತದೆ. ಬಂದಿದೆಯೇ ಅಂತ ಕಿತ್ತು ನೋಡಬೇಡಿ; ಮೆಲ್ಲಗೆ ಜಗ್ಗಿದಾಗ ತುಂಡು ಬಿಗಿಯಾಗಿದ್ದರೆ ಬಂದಿದೆ. ಆರರಿಂದ ಹತ್ತು ವಾರದಲ್ಲಿ ನರ ಮಿಶ್ರಣ ಸೇರುವಲ್ಲಿ ಸಾಸಿವೆಯಷ್ಟು ಗುಲಾಬಿ ಮೊಳಕೆ ಕಾಣುತ್ತದೆ, ಆಮೇಲೆ ರೋಮ ತುಂಬಿದ ಪುಟ್ಟ ಎಲೆ. ಮೊದಲ ಎಲೆಗಳಲ್ಲಿ ತಾಯಿಗಿಡದ ಬಣ್ಣ ಪೂರ್ತಿ ಇರುವುದಿಲ್ಲ, ನಾಲ್ಕೈದನೆಯ ಎಲೆಯಿಂದ ಮೂಡುತ್ತದೆ.

ಮರಿಗೆ ರೂಪಾಯಿ ನಾಣ್ಯದಷ್ಟು ಅಗಲದ ಎಲೆ ಮೂರಾದಾಗ ಬಿಡಿಸಿ, ತೂತುಮಾಡಿದ ಕಾಗದದ ಲೋಟದಲ್ಲಿ ನಾಲ್ಕನೇ ಹಂತದ ಮಿಶ್ರಣಕ್ಕೆ ನೆಡಿ. ತಾಯಿಎಲೆಯ ತುಂಡು ಹಸಿರಾಗಿದ್ದರೆ ಹಾಗೇ ಇರಲಿ, ತಾನಾಗಿ ಒಣಗುತ್ತದೆ. ಆದರೆ ಡಬ್ಬಿಯಿಂದ ತೆಗೆದು ನೇರ ಹಾಲ್‌ಗೆ ತಂದಿಟ್ಟರೆ ಒಂದೇ ಮಧ್ಯಾಹ್ನದಲ್ಲಿ ಎಲ್ಲ ಮಲಗಿಬಿಡುತ್ತವೆ. ಲೋಟಗಳನ್ನು ಮತ್ತೆ ಡಬ್ಬಿಯೊಳಗೇ ಇಟ್ಟು, ಮೊದಲ ಮೂರು ದಿನ ಮುಚ್ಚಳ ಬೆರಳಗಲ ತೆರೆದಿಡಿ, ಮುಂದಿನ ಮೂರು ದಿನ ಅರ್ಧ, ಆಮೇಲೆ ಹಗಲು ಪೂರ್ತಿ ತೆರೆದು ರಾತ್ರಿ ಮುಚ್ಚಿ. ಹತ್ತನೇ ದಿನ ಹೊರಗಿಡಿ. ನಡುವೆ ಯಾವ ದಿನವಾದರೂ ಎಲೆ ಸುಕ್ಕಾದರೆ ಒಂದು ಹೆಜ್ಜೆ ಹಿಂದಕ್ಕೆ ಹೋಗಿ ಎರಡು ದಿನ ಹೆಚ್ಚು ಕೊಡಿ.